ಗೇಣಗಲದ ಅಕ್ಷರ

"ಇವೇನು ಅಕ್ಷರನೋ, ಇದ್ದಲಿ ತುಂಡೋ?"

ಅಚ್ಚಾಗಿ ಬಂದ ಹಾಳೆಯನ್ನು ಅಚ್ಚುಕೂಟದ ಸಾಹುಕಾರ ಶಿವಶಂಕರಪ್ಪನವರು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದರು. ಮಾಳಿಂಗಪ್ಪ ತಲೆ ಕೆರೆದುಕೊಂಡ. ಕುರಿ ಬಿಟ್ಟು ಉಳಿ ಹಿಡಿದವನು ಅವನು. ನಾರಾಯಣಪೇಟೆಯ ಮಗ್ಗಗಳಿಗೆ ಲಾಳಿ ಮಾಡಿಕೊಟ್ಟು ಬದುಕುತ್ತಿದ್ದ. ಓದು ಬಾರದು. ಸಾಹುಕಾರರು ಬರೆದುಕೊಟ್ಟದ್ದನ್ನು ಮರದಲ್ಲಿ ತಿರುವುಮುರುವಾಗಿ ಕೆತ್ತಿದ್ದ, ಅಷ್ಟೆ.

ಯುದ್ಧದಿಂದಾಗಿ ಅಚ್ಚುಕೂಟಕ್ಕೆ ಅಕ್ಷರ ಎರೆಯಲು ಸೀಸ ಸಿಗುತ್ತಿರಲಿಲ್ಲ, ಕಾಗದ ಸಿಕ್ಕರೂ ಗೇಣಗಲ. ಹೆಣ್ಣುಮಕ್ಕಳ ಶಾಲೆಗೆ ಕೊನೆಗೂ ಸರ್ಕಾರದ ಇಜಾಜತ್, ಅಂದರೆ ಅನುಮತಿ, ಬಂದಿತ್ತು. ಆ ಸುದ್ದಿ ಒಂದೇ ಸಾಲಿನಲ್ಲಿ, ಬೀದಿಯ ಆಚೆಯಿಂದ ಕಾಣಬೇಕು. ಅದಕ್ಕೇ ಅಕ್ಷರಗಳು ಒತ್ತೊತ್ತಾಗಿ, ಎತ್ತರವಾಗಿ, ದಪ್ಪವಾಗಿ, ಬಾಲ ಬಳುಕು ಏನೂ ಇಲ್ಲದೆ ಇರಬೇಕೆಂದು ಸಾಹುಕಾರರ ಹಟ. ಈಗ ನೋಡಿದರೆ ಎಲ್ಲದರ ಹೊಟ್ಟೆಯೊಳಗೂ ಮಸಿ ತುಂಬಿ ಕರ್ರಗಾಗಿತ್ತು.

"ನಾಳಿ ಸಂಜಿತನಕ ನೋಡ್ತೀನಿ. ಹತ್ತು ಹೆಜ್ಜಿ ದೂರದಿಂದ ಓದಾಕ ಬರಲಿಲ್ಲಂದ್ರ ಗದ್ವಾಲದಾಗ ಮಾಡಸ್ತೀನಿ. ನೀ ಲಾಳೀನ ಕೆತ್ಕೊಂಡಿರು."

ಲಾಳಿ ಕೆತ್ತಿ ಕೆತ್ತಿ ಮಾಳಿಂಗಪ್ಪನಿಗೆ ಸಾಕಾಗಿತ್ತು. ಈ ಕೆಲಸ ಕೈ ತಪ್ಪಬಾರದೆಂದು ಅಚ್ಚನ್ನೂ ಹಾಳೆಯನ್ನೂ ಎತ್ತಿಕೊಂಡು ಮನೆಗೆ ನಡೆದ.

ಮನೆಯಲ್ಲಿ ತಾಯಿ ಕುರುಮಮ್ಮ ಕೆಟ್ಟ ಹಾಳೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು.

"ಇದು ಕಾಗದ ಏನು, ಕುರಿ ತುಪ್ಪಳ ಇದ್ದಂಗ ಐತಿ. ಕುರಿ ಬೆನ್ನಿಗಿ ಗುರುತು ಒತ್ತೋದು ಮರತ್ಯಾ? ಬಣ್ಣ ಹರಡತೈತಂತ ನಿಮ್ಮಪ್ಪ ಅಚ್ಚಿನ ಮೂಲಿಯಾಗ ಜರಾ ಹೆಚ್ಚಿಗಿ ಕೆತ್ತತಿದ್ದ. ಹರಡಿದ್ದು ನಿಲ್ಲಾಕ ಜಾಗ ಬೇಕಲ್ಲೋ!"

ಮಾಳಿಂಗಪ್ಪ ಉಳಿ ಎತ್ತಿಕೊಂಡ. ಗೆರೆಗೆ ಗೆರೆ ಕೂಡುವ ಕಡೆಯೆಲ್ಲ ಒಳಕ್ಕೆ ಕಚ್ಚು ಹಾಕಿದ, ಹೊಟ್ಟೆಗಳನ್ನು ಅಗಲಿಸಿದ. ಇದ್ದ ಚೆಂದವೂ ಹೋಯಿತಲ್ಲ ಎಂದು ಅವನಿಗೇ ಭಯವಾಯಿತು.

"ಇಲಿ ತಿಂದಾವೇನಲೇ?" ಮರುದಿನ ಸಾಹುಕಾರರು ಗೊಣಗುತ್ತಲೇ ಮಸಿ ಸವರಿ ಒತ್ತಿದರು. ಹಾಳೆ ಎತ್ತಿದಾಗ ಮಾತ್ರ ಗೊಣಗಾಟ ನಿಂತಿತು. ಮಸಿ ಹರಡಿ ಕಚ್ಚುಗಳೆಲ್ಲ ತುಂಬಿಕೊಂಡಿದ್ದವು. ಹೊಟ್ಟೆಗಳು ಬೆಳ್ಳಗೆ ಉಳಿದಿದ್ದವು.

ಹಾಳೆಯನ್ನು ಬಾಗಿಲಿಗೆ ಎದುರಾದ ಗೋಡೆಗೆ ಅಂಟಿಸಿ ಅವರು ಹಿಂದಕ್ಕೆ ಹೆಜ್ಜೆ ಎಣಿಸಿದರು. ಹತ್ತಕ್ಕೆ ಬಾಗಿಲು ದಾಟಿದರು. ಅಲ್ಲಿಗೂ ನಿಲ್ಲಲಿಲ್ಲ. ಹಾಗೇ ಹಿಂದೆ ಹಿಂದೆ ಹೋಗಿ, ಬಂಡಿಯವನ ಬೈಗುಳ ತಿಂದು, ಎದುರು ಕಟ್ಟೆಗೆ ಬೆನ್ನು ತಾಗಿದ ಮೇಲೆ ಕೂಗಿದರು:

"ಹೆಣ್ಣುಮಕ್ಕಳ ಶಾಲೆ! ಲೇ ಮಾಳಿಂಗಾ, ವರ್ಣಮಾಲ್ಯಾಗ ಉಳದ ಅಕ್ಷರಾನೂ ಹಿಂಗ ಕೆತ್ತಿಬಿಡೋ!"

ಆ ಕಟ್ಟೆಯ ಮೇಲೆ ನರಸಿಂಹಮ್ಮ ನೂಲು ಸುತ್ತುತ್ತಿದ್ದಳು. ರಾಟೆ ನಿಂತಿತು.

"ಖರೇನ್ರೀ? ನನ್ನ ಮಗಳು ಮೈಸೀನೂ ತಗೋತಾರ್ರೀ?"

"ಅಲ್ಲೇ ಬರದೈತಲ್ಲವ್ವಾ," ಎಂದರು ಸಾಹುಕಾರರು.

ನರಸಿಂಹಮ್ಮ ಎದ್ದು ಬೀದಿ ದಾಟಿ ಬಂದಳು. ಓದು ಅವಳಿಗೂ ಬಾರದು. ಸೆರಗಿಗೆ ಕೈ ಒರೆಸಿಕೊಂಡು, ಇನ್ನೂ ಹಸಿಯಾಗಿದ್ದ ಅಕ್ಷರಗಳನ್ನು ಮುಟ್ಟದೆ ಗಾಳಿಯಲ್ಲೇ ಬೆರಳಿಂದ ತಿದ್ದಿದಳು.