ಅಕ್ಕನ ವೇಗ

ಅಂಗಿಯ ಕಾಲರ್ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರು ಆ ಕಾರ್ಖಾನೆಯಲ್ಲೇ ಇರಲಿಲ್ಲ. ಎಲ್ಲರೂ ಅವಳನ್ನು ಮಿಂಚು ಎಂದೇ ಕರೆಯುತ್ತಿದ್ದರು. ಹೊಗಳಿದರೆ ಉಬ್ಬದವರು ಯಾರು ಹೇಳಿ? ಹೋದ ವರ್ಷ, ಒಂದು ಕಾಲರಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯಲು ಗಡಿಯಾರ ಹಿಡಿದವನೊಬ್ಬ ಬಂದು ಬೆನ್ನ ಹಿಂದೆ ನಿಂತಾಗ, ಮಹಾರಾಯ್ತಿ, ಮೈಮೇಲೆ ಬಂದವಳಂತೆ ಹೊಲಿದಳು. ಯಜಮಾನರು ಚಪ್ಪಾಳೆ ತಟ್ಟಿದರು. ಮರುದಿನದಿಂದ ಅವಳ ವೇಗವೇ ಎಲ್ಲರ ಟಾರ್ಗೆಟ್ ಆಯಿತು. ಸಂಬಳ ಮಾತ್ರ ಇದ್ದಲ್ಲೇ ಇತ್ತು. ವರ್ಷ ತುಂಬುವುದರೊಳಗೆ ಯಜಮಾನರ ಎರಡನೇ ಕಾರ್ಖಾನೆ ಎದ್ದು ನಿಂತಿತು. ಅದರ ಇಟ್ಟಿಗೆ ಎಲ್ಲಿಂದ ಬಂತೆಂದು ಬಿಡಿಸಿ ಹೇಳಬೇಕೆ?

ಪಕ್ಕದ ಮಿಷನ್ನಿನಲ್ಲಿ ಅವಳ ಸ್ವಂತ ಅಕ್ಕ ಕೂರುತ್ತಿದ್ದಳು. ತಂಗಿಗೆ ಹೊಲಿಗೆ ಕಲಿಸಿದವಳೂ ಅವಳೇ. ಬೆರಳ ಗೆಣ್ಣುಗಳು ಊದಿಕೊಂಡಿದ್ದರೂ, ನೀರು ಕುಡಿಯಲೂ ಏಳದೆ, ಅಕ್ಕ ಹೇಗೋ ಟಾರ್ಗೆಟ್ ಮುಟ್ಟಿಸುತ್ತಿದ್ದಳು. ಈಗ ಗಡಿಯಾರದವನು ಮತ್ತೆ ಬರುತ್ತಾನಂತೆ. ಟಾರ್ಗೆಟ್ ಇನ್ನೊಂದು ಚೂರು ಏರಿದರೂ ಅಕ್ಕನ ಕೆಲಸ ಹೋದಂತೆಯೇ.

"ಈ ಸಲ ನಿಧಾನಕ್ಕೆ ಹೊಲೀತೀನಿ ಕಣಕ್ಕಾ. ನೀನೂ ಅವಸರ ಮಾಡ್ಬೇಡ," ಎಂದಳು ಮಿಂಚು.

"ನೀನು, ನಿಧಾನ! ಹುಟ್ಟುಗುಣ ಸುಟ್ಟರೂ ಹೋಗಲ್ವಂತೆ, ನೋಡೋಣ ಬಿಡು," ಎಂದು ಅಕ್ಕ ನಕ್ಕಳು.

ಅವನು ಬಂದ, ಬೆನ್ನ ಹಿಂದೆ ನಿಂತ. ಅಯ್ಯೋ, ನಿಧಾನವಾಗಿ ಹೊಲಿಯುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತೇ ಇರಲಿಲ್ಲ! ಹಗ್ಗ ಕಿತ್ತ ಕರುವಿನಂತೆ ಓಡುವ ಬೆರಳುಗಳನ್ನು ಹಲ್ಲು ಕಚ್ಚಿ ಹಿಡಿದಳು. ಅಂಚು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ಏನಮ್ಮಾ, ಮಿಂಚು ಅಂದ್ರು. ಇದು ಬಸವನಹುಳು ಆಯ್ತಲ್ಲ!"

ಅವಮಾನದಿಂದ ಅವಳ ಕಣ್ಣು ತುಂಬಿತು. ಅವಳಿಗಿದ್ದ ಆಸ್ತಿಯೆಂದರೆ ಆ ಹೆಸರೊಂದೇ.

"ನನ್ನ ಕೈಲಾಗೋದು ಇಷ್ಟೇ ಸಾರ್."

ಅವನು ಅಕ್ಕನ ಹಿಂದೆ ಸರಿದು ನಿಂತ. ಮಿಷನ್ ಒಮ್ಮೆಲೇ ಭೋರ್ಗರೆಯಿತು. ಅಕ್ಕ ತಲೆ ಎತ್ತದೆ, ಉಸಿರು ಬಿಡದೆ, ಜೀವಮಾನದಲ್ಲೇ ಹೊಲಿಯದಷ್ಟು ಜೋರಾಗಿ ಹೊಲಿಯುತ್ತಿದ್ದಳು. "ಅಕ್ಕಾ!" ಎಂದು ಮಿಂಚು ಪಿಸುಗುಟ್ಟಿದ್ದು ಅವಳ ಕಿವಿಗೆ ಬೀಳಲಿಲ್ಲ.

"ಭಲೇ! ಟಾರ್ಗೆಟ್ಟಿಗಿಂತ ಜಾಸ್ತೀನೇ ಬಂತು. ಈ ವಯಸ್ಸಿನವರ ಕೈಲೇ ಆಗುತ್ತೆ ಅಂದ್ರೆ, ಉಳಿದವರಿಗೇನು ಧಾಡಿ?" ಎಂದು ಅವನು ಮುಂದೆ ಹೋದ.

ಅಕ್ಕ ಮಿಷನ್ ನಿಲ್ಲಿಸಿ ತಂಗಿಯತ್ತ ತಿರುಗಿದಳು. "ಹೆದರಿಕೆ ಆಯ್ತು ಕಣೇ. ನಿಧಾನ ಮಾಡಿದ್ರೆ ಇವತ್ತೇ ಮನೆಗೆ ಕಳಿಸ್ತಾನೇನೋ ಅಂತ..."

ತಂಗಿ ಊದಿದ ಆ ಬೆರಳುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾಳೆಯಿಂದ ಎಲ್ಲರೂ ಅಕ್ಕನ ವೇಗದಲ್ಲೇ ಹೊಲಿಯಬೇಕು. ಅಕ್ಕನೂ.