ಎಲ್ಸಿಯ ಮದುವೆ ಸೀರೆ

ಸ್ಟೇಸಿ ಕಪಾಟಿನ ಮೇಲಿದ್ದ ಸೂಟ್‌ಕೇಸನ್ನು ಎಳೆದು ಹಾಸಿಗೆಯ ಮೇಲೆ ಮಗುಚಿದಳು. ಅಮ್ಮನ ನೈಟಿಗಳು ಬಿದ್ದವು, ಊರಿಂದ ತಂದ ಟವೆಲುಗಳು ಬಿದ್ದವು. ಕೆಂಪು ರೇಷ್ಮೆ ಬೀಳಲಿಲ್ಲ.

"ಡ್ಯಾಡಿ, ಮಮ್ಮಿಯ ಮದುವೆ ಸೀರೆ ಎಲ್ಲುಂಟು?"

ಕಾನ್ರಾಡ್ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದ. "ಬೇರೆ ಯಾವುದಾದರೂ ತಕೊ."

"ಬೇರೆಯಾ? ಗಂಡ ಇರುವಾಗ ಹೋದವಳು. ಅಜ್ಜಿಗೂ ಮದುವೆ ಸೀರೆಯನ್ನೇ ಉಡಿಸಿದ್ದಲ್ವಾ?"

"ಆ ನೀಲಿಯದ್ದು ಉಂಟಲ್ಲ."

ಎಲ್ಸಿಯ ತಂಗಿ ಕ್ಯಾರೊಲಿನ್ ಬಾಗಿಲಲ್ಲಿ ನಿಂತು ಮೂಗು ಒರೆಸಿಕೊಂಡಳು. "ಈ ಮನೆಯ ಬಾಗಿಲು ಹಾಕಿದ್ದು ಯಾವಾಗ ಮಾರಾಯ್ತಿ? ಎದುರು ಮನೆಯ ಆ ಕರಿಯ ಹೆಂಗಸು ದಿನಾ ಒಳಗೆ ಹೊರಗೆ. ಜರಿ ಕಂಡರೆ ಬಿಡ್ತಾರಾ?"

ಕಾನ್ರಾಡ್ ಏನೋ ಹೇಳಲು ತಿರುಗಿದ. ಮಗಳ ಮುಖ ನೋಡಿ ಮತ್ತೆ ಕಿಟಕಿಗೆ ತಿರುಗಿದ.

ಮೂವತ್ತು ವರ್ಷ ಗಲ್ಫಿನ ಹೋಟೆಲಿನ ಲಾಂಡ್ರಿಯಲ್ಲಿ ಯಾರ್‍ಯಾರದೋ ಹಾಸಿಗೆಬಟ್ಟೆಗೆ ಇಸ್ತ್ರಿ ಹಾಕಿದ ಎಲ್ಸಿ, ಮೊನ್ನೆ ತರಕಾರಿ ಚೀಲ ಹಿಡಿದುಕೊಂಡೇ ಲಿಫ್ಟಿನಲ್ಲಿ ಕುಸಿದಿದ್ದಳು. ಊರಿಗೆ ಕಳಿಸುವುದು ಬೇಡ, ಇಲ್ಲಿಯ ಜೆಬೆಲ್ ಅಲಿ ಸ್ಮಶಾನದಲ್ಲೇ ಮಣ್ಣು ಮಾಡಿ ಎಂದು ಮೊದಲೇ ಹೇಳಿದ್ದಳು. ಊರಲ್ಲಿ ಅಪ್ಪ ಅಮ್ಮನ ಗೋರಿ ಇರುವಾಗ ಈ ಮರಳಿನಲ್ಲಿ ಇವಳಿಗೆ ಯಾರಿದ್ದಾರೆ ಎಂದು ನೆಂಟರಿಗೆ ಸಿಟ್ಟು.

ಮಕ್ಕಳ ವಾರ್ಡಿನ ನರ್ಸ್ ಕೆಲಸಕ್ಕೆ ರಜೆ ಹಾಕಿ ಬಂದಿದ್ದ ಸ್ಟೇಸಿ ನೀಲಿ ಸೀರೆಯನ್ನು ಚೀಲಕ್ಕೆ ತುರುಕಿದಳು. "ಆ ಹೆಂಗಸು ಶವಾಗಾರಕ್ಕೆ ಬರಲಿ, ಕೇಳ್ತೇನೆ."

* * *

ಕೆಲಸ ಬಿಟ್ಟ ಮೇಲೆ ಎಲ್ಸಿಗೆ ಒಂದು ಹೊಸ ಚಾಳಿ ಹತ್ತಿತ್ತು. ಇಂಟರ್‌ನ್ಯಾಷನಲ್ ಸಿಟಿಯ ಆ ಸಾಲು ಕಟ್ಟಡಗಳಲ್ಲಿ ಯಾವ ಆಫ್ರಿಕದ ಹುಡುಗಿ ಬಸುರಿಯಾದರೂ, ಬಾಣಂತಿಯಾದರೂ ಅವಳ ಜೊತೆ ಆಸ್ಪತ್ರೆಗೆ ಹೋಗುವುದು. ಕೌಂಟರಿನ ಎದುರಿನ ಕುರ್ಚಿಯಲ್ಲಿ ಬುತ್ತಿ ಇಟ್ಟುಕೊಂಡು ಕೂರುವುದು.

"ಇವಳೂ ನಿಮ್ಮ ಮಗಳಾ ಆಂಟಿ? ನಿಮಗೆ ಎಷ್ಟು ಹೆಣ್ಣುಮಕ್ಕಳು?" ಎಂದು ಕೌಂಟರಿನವನು ಒಮ್ಮೆ ನಕ್ಕ.

"ದೇವರು ಕೊಟ್ಟಷ್ಟು. ನೀನು ಡಾಕ್ಟರನ್ನು ಕರಿ."

"ಮಗು ಚೆನ್ನಾಗಿದೆ, ನರ್ಸ್ ನೋಡಿದ್ರಲ್ಲ."

"ಕಣ್ಣಲ್ಲಿ ನೋಡಿದ್ದು ಸಾಕಾಗುವುದಿಲ್ಲ. ರಕ್ತ ನೋಡಲಿ. ಅಲ್ಲಿಯವರೆಗೆ ನಾನು ಏಳುವುದಿಲ್ಲ. ಪೊಲೀಸರನ್ನು ಕರೀತೀಯಾ? ಕರಿ. ಅವರಿಗೂ ಬುತ್ತಿಯಲ್ಲಿ ಚಪಾತಿ ಉಂಟು."

ರಕ್ತ ನೋಡಿದರು. ಪ್ರತಿ ಸಲವೂ ಕೊನೆಗೆ ನೋಡಿದರು. ಒಬ್ಬಳೇ ಹೋದ ಹೆಣ್ಣಿಗೆ ನಾಳೆ ಬಾ ಎನ್ನುತ್ತಿದ್ದವರು, ಪಕ್ಕದಲ್ಲಿ ಬೊಬ್ಬೆ ಹಾಕುವ ಒಬ್ಬಳು ಕುಳಿತರೆ ಇವತ್ತೇ ನೋಡುತ್ತಿದ್ದರು.

ಎಲ್ಸಿ ಚರ್ಚಿನ ಹೆಂಗಸರನ್ನೂ ಸರದಿ ಹಾಕಿ ಎಳೆದಳು. ಕ್ಯಾರೊಲಿನ್ ಎರಡು ಸಲ ಹೋಗಿ ಕಾಲುನೋವು ಎಂದಳು.

"ಅಲ್ಲ ಎಲ್ಸಿ, ಇವರ ಮಕ್ಕಳೇ ಯಾಕೆ ಹೀಗೆ ಸತ್ತು ಹೋಗ್ತವೆ?" ಎಂದು ಅವಳೇ ಒಮ್ಮೆ ಕೇಳಿದಳು.

"ಹೋಗುವುದಲ್ಲ," ಎಂದಳು ಎಲ್ಸಿ. "ಕಳಿಸುವುದು. ನಮ್ಮ ಬಾಣಂತಿಗೆ ನೀವು ಸೂಪು ಹೊತ್ತುಕೊಂಡು ಓಡ್ತೀರಿ. ಇವಳ ಬಾಗಿಲು ದಾಟುವಾಗ ಮೂಗು ಮುಚ್ಚಿಕೊಳ್ತೀರಿ."

* * *

ಶವಾಗಾರದ ಪಕ್ಕದ ಕೋಣೆಯಲ್ಲಿ ಪಾದ್ರಿಯ ಪ್ರಾರ್ಥನೆ ಮುಗಿದಿತ್ತು. ಕೊನೆಯ ಮುತ್ತು ಕೊಡಲು ಜನ ಸಾಲು ನಿಂತಿದ್ದರು. ಸಾಲಿನ ಅರ್ಧದಷ್ಟು ಜನ ಯಾರೆಂದು ನೆಂಟರಿಗೆ ಗೊತ್ತಿರಲಿಲ್ಲ. ಕಪ್ಪು ಹೆಂಗಸರು, ಕಂಕುಳಲ್ಲಿ ಮಕ್ಕಳು. ಮಗಳಾದ ಸ್ಟೇಸಿ ಎಲ್ಲರಿಗಿಂತ ಕೊನೆಗೆ ಮುತ್ತು ಕೊಡಬೇಕೆಂದು ಪೆಟ್ಟಿಗೆಯ ತಲೆಯ ಬಳಿ ನಿಂತಿದ್ದಳು.

ಎದುರು ಮನೆಯ ನಾಕಾಟೊ ಬಂದಳು. ಉಗಾಂಡದವಳು, ಸೆಕ್ಯುರಿಟಿ ಗಾರ್ಡ್ ಒಬ್ಬನ ಹೆಂಡತಿ. ಬೆನ್ನಿಗೆ ಮಗುವನ್ನು ಕಟ್ಟಿಕೊಂಡಿದ್ದಳು. ಕಟ್ಟಿದ್ದು ಕೆಂಪು ರೇಷ್ಮೆ, ಜರಿಯಂಚು.

"ಕಳ್ಳಿ!" ಸ್ಟೇಸಿಯ ಕೂಗಿಗೆ ಇಡೀ ಸಾಲು ತಿರುಗಿ ನೋಡಿತು. "ನನ್ನ ಮಮ್ಮಿಯ ಸೀರೆ ಅದು! ಕತ್ತರಿಸಿ ಬೇರೆ ಹಾಕಿದ್ದಾಳೆ, ನೋಡಿ!"

ನಾಕಾಟೊಗೆ ಕನ್ನಡ ಬಾರದು. ಆದರೂ ಅರ್ಥವಾಯಿತು. ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು: "ಮಮ್ಮಾ ಕೊಟ್ಟದ್ದು. ಉಳಿದರ್ಧ ಎಲ್ಲಿದೆ ಅಂತ ನಿನ್ನ ಅಪ್ಪನನ್ನು ಕೇಳು."

"ಡ್ಯಾಡಿ?"

ಕಾನ್ರಾಡ್ ಪೆಟ್ಟಿಗೆಯ ಅಂಚು ಹಿಡಿದುಕೊಂಡ. "ನಿನಗೆ ಹೇಳಬಾರದು ಅಂತ ಅಮ್ಮ ಆಣೆ ಹಾಕಿಸಿದ್ದಳು. ಅವಳಿನ್ನೂ ಇಲ್ಲೇ ಮಲಗಿದ್ದಾಳೆ. ಆದರೆ ನೀನು ಕಳ್ಳಿ ಅಂದೆ. ಉಳಿದರ್ಧ ಜೆಬೆಲ್ ಅಲಿಯಲ್ಲಿ ಮಣ್ಣಿನಡಿ ಉಂಟು. ಇವಳ ಮೊದಲನೆಯ ಮಗುವಿಗೆ ಸುತ್ತಿದ್ದು."

"ಯಾವ ಮಗು?"

"ಎರಡು ವರ್ಷದ ಹಿಂದೆ ಅಮ್ಮ ಫೋನ್ ಮಾಡಿ ನಿನ್ನ ವಾರ್ಡಿಗೆ ಕಳಿಸಿದ ಮಗು. ಹಾಲು ಕುಡಿಯುವುದಿಲ್ಲ, ಏಳುವುದೇ ಇಲ್ಲ ಅಂತ ಇವಳು ತಂದಿದ್ದಳು. ಕಾರಿಡಾರಿನಲ್ಲೇ ನೋಡಿದೆ ನೀನು. ಕಾಮಾಲೆ ಇದ್ದರೆ ಹಳದಿ ಕಾಣ್ತಿತ್ತು, ಎಂತ ಇಲ್ಲ, ಇವರದ್ದು ಸಣ್ಣದಕ್ಕೂ ಬೊಬ್ಬೆ ಅಂತ ಕಳಿಸಿದೆ. ಆ ಬಣ್ಣದಲ್ಲಿ ಹಳದಿ ಎಲ್ಲಿ ಕಾಣ್ತದೆ? ರಕ್ತ ನೋಡಬೇಕಿತ್ತು ಅಂತ ಬೇರೆ ಆಸ್ಪತ್ರೆಯವರು ಹೇಳಿದರು. ಹೊತ್ತು ಮೀರಿತ್ತು. ಆಮೇಲಾದರೂ ಕೇಳಿದೆಯಾ ನೀನು, ಆ ಮಗು ಎಂತಾಯಿತು ಅಂತ?"

ಸ್ಟೇಸಿಗೆ ನೆನಪಿರಲಿಲ್ಲ. ಆ ಕಾರಿಡಾರಿನಲ್ಲಿ ಎಷ್ಟೊಂದು ಮಕ್ಕಳು.

* * *

ಆ ಮಗು ಹೋದ ದಿನ ಎಲ್ಸಿ ಸೀರೆಯನ್ನು ಅಡುಗೆಮನೆಯ ನೆಲದಲ್ಲಿ ಹಾಸಿದ್ದಳು. ಕಾನ್ರಾಡ್ ಒಂದು ತುದಿ ಹಿಡಿದಿದ್ದ.

"ಸ್ಟೇಸಿಗೆ ಹೇಳುವುದಿಲ್ಲವಾ?"

"ಹೇಳಿದರೆ ನಾಳೆಯಿಂದ ಅವಳ ಕೈ ನಡುಗ್ತದೆ. ನಡುಗುವ ಕೈಯಿಂದ ಇನ್ನೊಂದು ಮಗು ಬೀಳಬಾರದು." ಕತ್ತರಿ ಜರಿಯಂಚಿಗೆ ಸಿಕ್ಕಿಕೊಂಡಿತು. ಎಲ್ಸಿ ಹಲ್ಲು ಕಚ್ಚಿ ಅದುಮಿದಳು. "ಅವಳು ಕಳಿಸಿದವಳ ಹಿಂದೆ ನಾನು ಹೋಗ್ತೇನೆ. ಅವಳಂಥವರು ಕಳಿಸಿದ ಎಲ್ಲರ ಹಿಂದೆಯೂ. ಹಿಡಿ ಸರಿಯಾಗಿ."

* * *

"ನನಗೆ ಬೇಡ, ತಗೊಳ್ಳಿ," ಎಂದಳು ನಾಕಾಟೊ. ಅವಳ ಕಣ್ಣು ಉರಿಯುತ್ತಿತ್ತು. "ಮಮ್ಮಾಗೆ ಹೊದಿಸಿ. ಕಳ್ಳಿ ಅಂತ ಕರೆಸಿಕೊಂಡು ನಾನು ಇದನ್ನು ಕಟ್ಟಿಕೊಳ್ಳುವುದಿಲ್ಲ." ಎದೆಯ ಮೇಲಿನ ಗಂಟನ್ನು ಬಿಚ್ಚತೊಡಗಿದಳು. ಸಿಟ್ಟಿಗೆ ಬೆರಳು ತಡವರಿಸಿದವು.

"ಬೇಡ ಮಗಾ," ಎಂದ ಕಾನ್ರಾಡ್.

ಗಂಟು ಒಮ್ಮೆಗೇ ಸಡಿಲಿತು. ಬೆನ್ನಿನ ಮೇಲೆ ನಿದ್ದೆಯಲ್ಲಿದ್ದ ಮಗು ರೇಷ್ಮೆಯ ಜೊತೆಗೇ ಕೆಳಗೆ ಜಾರಿತು. ಎಲ್ಲರಿಗಿಂತ ಹತ್ತಿರ ಇದ್ದವಳು ಸ್ಟೇಸಿ. ಅವಳ ಎರಡೂ ಕೈ ಮಗುವಿನ ಅಡಿಗೆ ಹೋದವು.

ಎಚ್ಚರಗೊಂಡ ಮಗು ಅಳಲಿಲ್ಲ. ಜರಿಯಂಚನ್ನು ಮುಷ್ಟಿಯಲ್ಲಿ ಹಿಡಿದು ಸ್ಟೇಸಿಯನ್ನು ನೋಡಿತು. ಸ್ಟೇಸಿಯ ಹೆಬ್ಬೆರಳು ತಾನಾಗಿಯೇ ಅದರ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆಳೆಯಿತು. ಕಣ್ಣಿನ ಬಿಳಿಯಲ್ಲಿ ಹಳದಿ ಇಲ್ಲ.

"ವ್ಯಾನ್ ಬಂತು, ಯಲ್ಲಾ, ಹೊರಡಿ," ಎಂದು ಯಾರೋ ಹೊರಗಿನಿಂದ ಕೂಗಿದರು.

ನಾಕಾಟೊ ಮಗುವಿಗಾಗಿ ಕೈ ಚಾಚಲಿಲ್ಲ. ತೋಳು ಕಟ್ಟಿ ನಿಂತು ಸ್ಟೇಸಿಯನ್ನೇ ನೋಡಿದಳು.

ಇಬ್ಬರು ಗಂಡಸರು ಮುಚ್ಚಳ ಎತ್ತಿದರು. ಕೊನೆಯ ಮುತ್ತು ಕೊಡಲು ಮಗಳೊಬ್ಬಳೇ ಉಳಿದಿದ್ದಳು. ಅವಳ ಕೈ ಖಾಲಿ ಇರಲಿಲ್ಲ.