ಮೆಟ್ಟಿಲ ಬಳಿಯ ಮುಖ

ಸಹಕಾರನಗರದ ಸರಳಾ ಅವರ ಕಂಪ್ಯೂಟರು ಒಂದು ತಿಂಗಳಿಂದ ಬಿಸಿಯಾಗಿ ಹೂಂಕರಿಸುತ್ತಿತ್ತು. ರಿಪೇರಿಗೆ ಬಂದ ಅನೀಸಾ ಪೆಟ್ಟಿಗೆ ಬಿಚ್ಚಿ ಧೂಳು ಕೊಡವಿದಳು, ವೈರಸ್ ಹುಡುಕಿದಳು, ಏನೂ ಸಿಗಲಿಲ್ಲ. ಕೊನೆಗೆ, ಪ್ರೊಸೆಸರಿನ ಶಕ್ತಿಯನ್ನೆಲ್ಲ ಹೀರುತ್ತಿದ್ದದ್ದು ಫೋಟೋಗಳಲ್ಲಿ ಮುಖ ಗುರುತಿಸುವ ಒಂದು ಪ್ರೋಗ್ರಾಂ ಎಂದು ಗೊತ್ತಾಯಿತು. ‘ಇವರು ಮುನಿರತ್ನ ಅವರೇ?’ ಎಂದು ಅದು ಒಂದು ಫೋಟೋ ತೋರಿಸಿ ಕೇಳುತ್ತಿತ್ತು. ಉತ್ತರ ಕೊಡದೆ ಮುಚ್ಚಿದರೆ ಮತ್ತೆ ಮೊದಲಿಂದ ಹುಡುಕಲು ತೊಡಗುತ್ತಿತ್ತು.

“ಹೌದು, ಅಲ್ಲ, ಯಾವುದಾದ್ರೂ ಒಂದು ಒತ್ತಿ ಆಂಟಿ, ಸರಿಹೋಗುತ್ತೆ. ಯಾರಿವರು?”

“ನಮ್ಮನೆಯವರು. ತೀರ್ಕೊಂಡು ಎರಡು ವರ್ಷ ಆಯ್ತು. ಈ ಫೋಟೋ ಹೋದ ತಿಂಗಳ ನಾಮಕರಣದ್ದು.”

ಅನೀಸಾ ಬಗ್ಗಿ ನೋಡಿದಳು. ನೆಂಟರ ಹಿಂದೆ, ಮೆಟ್ಟಿಲ ನೆರಳಿನಲ್ಲಿ, ಒಬ್ಬ ಗಂಡಸಿನ ಮಸುಕು ಮುಖ.

“ಯಾರೋ ನೆಂಟರಿರ್ಬೇಕು. ಅಲ್ಲ ಅಂತ ಒತ್ಬಿಡಿ.”

“ಎಲ್ಲರನ್ನೂ ಕೇಳ್ದೆ. ಅಲ್ಲಿ ಯಾರೂ ನಿಂತಿರ್ಲಿಲ್ವಂತೆ. ಅವರನ್ನ ಅಲ್ಲ ಅನ್ನೋಕೆ ಕೈ ಬರ್ತಿಲ್ಲ ಕಣಮ್ಮ.”

ಸರಳಾ ತಾವೇ ಮೌಸ್ ಹಿಡಿದು ‘ಹೌದು’ ಒತ್ತಿದರು. ಫ್ಯಾನಿನ ಸದ್ದು ಇಳಿಯಿತು. ಅನೀಸಾ ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿಕೊಳ್ಳುವಷ್ಟರಲ್ಲಿ, ಮುನಿರತ್ನರ ಹೆಸರಿನ ಕೆಳಗೆ ಈ ವರ್ಷದ ಫೋಟೋಗಳು ಒಂದೊಂದಾಗಿ ಬಂದು ಕೂರತೊಡಗಿದವು. ಯುಗಾದಿಯ ಊಟ, ತಂಗಿಯ ಗೃಹಪ್ರವೇಶ, ತಾರಸಿಯ ಮೇಲೆ ಸರಳಾ ಹಪ್ಪಳ ಒಣಗಿಸುತ್ತಿದ್ದ ಮಧ್ಯಾಹ್ನ. ಎಲ್ಲದರಲ್ಲೂ ಅದೇ ಮುಖ. ಕೊನೆಯದರಲ್ಲಿ ಅದು ಸರಳಾರ ಭುಜದ ಹಿಂದೆಯೇ ಇತ್ತು.

ಅನೀಸಾ ಚೀಲ ಎತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಸರಳಾ ಕುರ್ಚಿ ಎಳೆದುಕೊಂಡು ಕೂತರು.

“ಸರಿಯಾಯ್ತಲ್ಲ, ನೀನು ಹೊರಡಮ್ಮ,” ಎಂದರು, ಪರದೆಯಿಂದ ಕಣ್ಣು ಕೀಳದೆ.